ಸೈಕಲ್ ಸಿಕ್ಕಿತು, ದಾರಿ ಸಿಗಲಿಲ್ಲ

2006-07ರ ಶೈಕ್ಷಣಿಕ ವರ್ಷದಲ್ಲಿ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಮೊದಲು ಹುಡುಗಿಯರಿಗೆ, ಬಳಿಕ ಹುಡುಗರಿಗೂ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಹಲವು ಸರಕಾರಗಳು ಬಂದು ಹೋದವು. ಯೋಜನೆ ಮಾತ್ರ ಉಳಿಯಿತು. ವರ್ಷ ವರ್ಷವೂ ಲಕ್ಷಗಟ್ಟಲೆ ಸೈಕಲ್‌ಗಳು ಶಾಲೆಗಳ ಅಂಗಳಕ್ಕೆ ಬಂದಿಳಿದವು. ಕೊರೊನಾ ಕಾಲದಲ್ಲಿ ಅದು ನಿಂತುಹೋಯಿತು. ಇಷ್ಟೂ ವರ್ಷ ಸೈಕಲ್‌ನ ಗುಣಮಟ್ಟದ ಬಗ್ಗೆ ಚರ್ಚೆ ನಡೆಯಿತು, ಟೆಂಡರಿನ ಬಗ್ಗೆ ನಡೆಯಿತು, ವಿತರಣೆ ತಡವಾದುದರ ಬಗ್ಗೆ ಪತ್ರಿಕೆಗಳು ಬರೆದವು. ಆದರೆ ಒಂದು ಸರಳ ಪ್ರಶ್ನೆಯನ್ನು ಯೋಜನೆ ರೂಪಿಸಿದವರು ತಮಗೆ ತಾವೇ ಕೇಳಿಕೊಂಡಂತೆ ಕಾಣುವುದಿಲ್ಲ. ಹದಿಮೂರು ವರ್ಷದ ಈ ಹುಡುಗಿ ಈ ಸೈಕಲನ್ನು ಯಾವ ದಾರಿಯಲ್ಲಿ ತುಳಿಯಬೇಕು?

ಸೈಕಲ್ ಕೊಟ್ಟದ್ದು ತಪ್ಪು ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅದರ ಶಕ್ತಿ ಏನೆಂಬುದಕ್ಕೆ ನಮ್ಮ ದೇಶದಲ್ಲೇ ಪುರಾವೆಗಳಿವೆ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜತೆಗೆ ಸೈಕಲ್ ಕಲಿಕೆಯೂ ನಡೆಯಿತು. ಲಕ್ಷದಷ್ಟು ಗ್ರಾಮೀಣ ಮಹಿಳೆಯರು ಸೈಕಲ್ ಹತ್ತಿದರು. ಪತ್ರಕರ್ತ ಪಿ. ಸಾಯಿನಾಥ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಅವರಲ್ಲಿ ಮುಸ್ಲಿಂ ಮಹಿಳೆಯರೂ ಇದ್ದರು. ಬಸ್ಸಿಗಾಗಿ ಕಾಯುವ, ಮನೆಯ ಗಂಡಸರ ಬಿಡುವಿಗಾಗಿ ಕಾಯುವ ಅನಿವಾರ್ಯತೆ ಅವರಿಗೆ ತಪ್ಪಿತು. ಬಿಹಾರದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕುಗ್ಗಿತು ಎಂಬುದು ಅವರ ಶೋಧನೆ. ಅದರಲ್ಲೂ ಶಾಲೆ 3 ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಈ ಪರಿಣಾಮ ಹೆಚ್ಚು ಕಂಡಿತು.

ಈ 3 ಕಿ.ಮೀ. ಎಂಬ ಅಂಕಿಯನ್ನು ಸ್ವಲ್ಪ ಗಮನಿಸಿ. ಕಾರಿನವನಿಗೆ ಅದು ಲೆಕ್ಕಕ್ಕೇ ಬಾರದ ದೂರ. ನಡೆಯುವ ಹುಡುಗಿಗೆ ಅದು ಮುಕ್ಕಾಲು ಗಂಟೆ. ಸೈಕಲ್ ಇದ್ದರೆ ಹದಿನೈದು ನಿಮಿಷ. ಒಂದು ಮಗು ಹೈಸ್ಕೂಲು ಮುಗಿಸುತ್ತದೋ ಇಲ್ಲವೋ ಎಂಬುದು ಇಷ್ಟು ಸಣ್ಣ ದೂರದಲ್ಲಿ ತೀರ್ಮಾನವಾಗಿಬಿಡುತ್ತದೆ. ನಮ್ಮ ಸಾರಿಗೆ ಯೋಜನೆಗಳು ಅತ್ಯಂತ ಹೆಚ್ಚು ಅಲಕ್ಷಿಸಿರುವುದು ಈ ಸಣ್ಣ ದೂರವನ್ನೇ.

ಸಣ್ಣ ಪ್ರಯಾಣ ಅಂದರೆ ಯಾವುದು? ಮನೆಯಿಂದ ಶಾಲೆಗೆ, ಅಂಗನವಾಡಿಗೆ, ಪಡಿತರ ಅಂಗಡಿಗೆ, ಹಾಲಿನ ಡೈರಿಗೆ, ಮೀನು ಮಾರುಕಟ್ಟೆಗೆ, ಆರೋಗ್ಯ ಕೇಂದ್ರಕ್ಕೆ, ಮಸೀದಿಗೆ, ದೇವಸ್ಥಾನಕ್ಕೆ, ಬಸ್ ನಿಲ್ದಾಣಕ್ಕೆ. ಒಂದು ಕುಟುಂಬದಲ್ಲಿ ದಿನಕ್ಕೆ ಇಂಥ ಎಷ್ಟು ಓಡಾಟಗಳಾಗುತ್ತವೆ ಎಂದು ನೀವೇ ಎಣಿಸಿ ನೋಡಿ. ಅವುಗಳಲ್ಲಿ ಹೆಚ್ಚಿನವನ್ನು ಮಾಡುವವರು ಹೆಂಗಸರು, ಮಕ್ಕಳು ಮತ್ತು ವಯಸ್ಸಾದವರು. 2011ರ ಜನಗಣತಿಯಲ್ಲಿ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ದೇಶದಾದ್ಯಂತ ಕೇಳಲಾಯಿತು. ಕೃಷಿಯ ಹೊರಗೆ ದುಡಿಯುವವರಲ್ಲಿ ಸುಮಾರು ಶೇ. 23 ಮಂದಿ ನಡೆದು, ಸುಮಾರು ಶೇ. 13 ಮಂದಿ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರು. ಕಾರಿನಲ್ಲಿ ಹೋಗುತ್ತಿದ್ದವರು ಶೇ. 3ಕ್ಕಿಂತಲೂ ಕಡಿಮೆ. ಆ ಬಳಿಕ ಬೈಕು, ಕಾರುಗಳು ಬಹಳ ಹೆಚ್ಚಿವೆ, ನಿಜ. ಆದರೆ ಈ ಲೆಕ್ಕದಲ್ಲೂ ಒಂದು ಕೊರತೆಯಿದೆ. ಅದು ಕೇಳಿದ್ದು ಸಂಪಾದನೆಯ ಕೆಲಸಕ್ಕೆ ಹೋಗುವ ದಾರಿಯನ್ನು ಮಾತ್ರ. ಮಗುವನ್ನು ಅಂಗನವಾಡಿಗೆ ಬಿಟ್ಟು, ಅಕ್ಕಿ ತಂದು, ಅತ್ತೆಯ ಔಷಧಿಗಾಗಿ ಮತ್ತೆ ಪೇಟೆಗೆ ಹೋಗಿ ಬರುವ ಹೆಣ್ಣಿನ ನಡಿಗೆ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಎಣಿಸದೇ ಬಿಟ್ಟವರಿಗೆ ಯೋಜನೆಯಲ್ಲಿ ಜಾಗ ಎಲ್ಲಿಂದ ಬರಬೇಕು?

ಯೋಜನೆಯಲ್ಲಿ ಜಾಗ ಸಿಗದವರ ಹೆಸರು ಅಪಘಾತದ ಪಟ್ಟಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ದಿನಕ್ಕೆ ಸುಮಾರು 90 ಪಾದಚಾರಿಗಳು. ಇವರು ವೇಗದ ಮಿತಿ ಮೀರಿದವರಲ್ಲ, ಕುಡಿದು ವಾಹನ ಓಡಿಸಿದವರೂ ಅಲ್ಲ. ಹೆಚ್ಚಿನವರು ರಸ್ತೆ ದಾಟುತ್ತಿದ್ದವರು ಅಥವಾ ಅಂಚಿನಲ್ಲಿ ನಡೆಯುತ್ತಿದ್ದವರು.

ನಿಯಮಗಳಿಲ್ಲ ಎಂಬುದು ಇದಕ್ಕೆ ಕಾರಣವೇ? ಅಲ್ಲ. ದೇಶದಲ್ಲಿ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥಗಳ ಬಗ್ಗೆ ಮಾರ್ಗಸೂಚಿ ಪ್ರಕಟಿಸಿತು. ಆದರೆ ಅದರ ತರ್ಕವನ್ನು ನೋಡಿ. ಗಂಟೆಗೆ 100ರಿಂದ 200 ಮೋಟಾರು ವಾಹನ ಓಡುವ ರಸ್ತೆಯಲ್ಲಿ, ಗಿಜಿಗುಡುವ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್‌ಗಳಾದರೂ ಇದ್ದರೆ ಪ್ರತ್ಯೇಕ ಪಥ ಮಾಡಬಹುದು. ವಾಹನಗಳು 200 ದಾಟಿದರೆ 100 ಸೈಕಲ್‌ಗಳಿದ್ದರೂ ಸಾಕು. ಅಂದರೆ ಮೊದಲು ಜನ ಅಪಾಯದ ರಸ್ತೆಯಲ್ಲಿ ಸೈಕಲ್ ತುಳಿದು ತೋರಿಸಬೇಕು, ಆಮೇಲೆ ಪಥದ ವಿಚಾರ. ಮಳೆಗಾಲದಲ್ಲಿ ಆ ತೋಡನ್ನು ಯಾರೂ ದಾಟುವುದಿಲ್ಲ, ಹಾಗಾಗಿ ಅಲ್ಲಿಗೆ ಸಂಕ ಬೇಡ ಎಂದಂತಾಯಿತು ಇದು. ದಾಟಲು ಭಯಪಟ್ಟು ಮನೆಯಲ್ಲೇ ಉಳಿದವರನ್ನು ಈ ಎಣಿಕೆ ಹೇಗೆ ಹಿಡಿದೀತು?

ಮುಂದಿನ ದಾಖಲೆಗಳು ಉತ್ತಮವಾಗಿವೆ. ಕೇಂದ್ರ ಸರಕಾರ 2006ರಲ್ಲಿ ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನು ತಂದಿತು. ರಸ್ತೆ ಇರುವುದು ಜನರ ಚಲನೆಗೆ, ವಾಹನಗಳ ಚಲನೆಗಲ್ಲ ಎಂಬುದು ಅದರ ಮೂಲ ಆಶಯ. ಕರ್ನಾಟಕದಲ್ಲಿ ಸೈಕಲ್ ಯೋಜನೆ ಆರಂಭವಾದದ್ದೂ ಅದೇ ಕಾಲದಲ್ಲಿ. 2012ರ ಪಾದಚಾರಿ ಮಾರ್ಗಸೂಚಿ ವಸತಿ ಪ್ರದೇಶದಲ್ಲೂ ಫುಟ್‌ಪಾತಿನ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸಾಗುವಷ್ಟು ಅಗಲ, ಅಜ್ಜಿಯೊಬ್ಬಳು ಮಂಡಿ ಹಿಡಿದುಕೊಳ್ಳದೆ ಹತ್ತುವಷ್ಟು ಎತ್ತರ. ನಿಮ್ಮೂರಿನ ಪೇಟೆಯಲ್ಲಿ ಇಂಥ ಫುಟ್‌ಪಾತ್ ನೂರು ಮೀಟರಾದರೂ ತುಂಡಾಗದೆ ಸಾಗುತ್ತದೆಯೇ ಎಂದು ಒಮ್ಮೆ ನೋಡಿ. ಚರಂಡಿಯ ಮೇಲೆ ಹಾಸಿದ ಚಪ್ಪಡಿಗೆ ನಾವು ಫುಟ್‌ಪಾತ್ ಎನ್ನುತ್ತೇವೆ. ಒಂದು ಚಪ್ಪಡಿ ಏರಿದ್ದರೆ ಇನ್ನೊಂದು ಇಳಿದಿರುತ್ತದೆ, ಮೂರನೆಯದು ಇರುವುದೇ ಇಲ್ಲ. ನಡುವೆ ಟ್ರಾನ್ಸ್‌ಫಾರ್ಮರ್, ಫ್ಲೆಕ್ಸಿನ ಕಂಬ, ನಿಲ್ಲಿಸಿದ ಬೈಕುಗಳ ಸಾಲು. ಕೊನೆಗೆ ಜನ ಡಾಂಬರಿಗೇ ಇಳಿಯುತ್ತಾರೆ. ಹಾಗೆ ಇಳಿದವರನ್ನು ನೋಡಿ, ನಮ್ಮ ಜನರಿಗೆ ಫುಟ್‌ಪಾತ್ ಬಳಸಲು ಗೊತ್ತಿಲ್ಲ ಎಂದು ಅಧಿಕಾರಿಗಳು ದೂರುತ್ತಾರೆ.

ಏನೂ ಆಗಿಲ್ಲ ಎನ್ನುವಂತೆಯೂ ಇಲ್ಲ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಅಗಲವಾದ, ಸಮತಟ್ಟಾದ ಫುಟ್‌ಪಾತುಗಳು ಬಂದವು. ಕೇಬಲ್, ಕೊಳವೆಗಳು ನೆಲದಡಿಯ ಕಾಲುವೆಗೆ ಹೋದವು. ಕೆಲಸ ಅಚ್ಚುಕಟ್ಟಾಗಿದೆ ಎಂಬುದನ್ನು ಒಪ್ಪಲೇಬೇಕು. ನಮ್ಮವರಿಂದ ಒಳ್ಳೆಯ ಫುಟ್‌ಪಾತ್ ಮಾಡಲು ಆಗದು ಎಂಬ ನೆಪವನ್ನು ಅದು ಸುಳ್ಳು ಮಾಡಿತು. ಆದರೆ ಮೊದಲು ಆರಿಸಿಕೊಂಡದ್ದು ನಗರದ ಮಧ್ಯಭಾಗದ ಶ್ರೀಮಂತ ರಸ್ತೆಗಳನ್ನು. ಕಾರಿನಲ್ಲಿ ಬಂದು, ಇಳಿದು, ಸ್ವಲ್ಪ ದೂರ ನಡೆಯುವವರ ರಸ್ತೆಗಳವು. ಶಿವಾಜಿನಗರದ ಬಸ್ ನಿಲ್ದಾಣದಿಂದ ಮೂಟೆ ಹೊತ್ತು ಹೊರಡುವವನಿಗೆ, ಕೆ.ಆರ್. ಮಾರುಕಟ್ಟೆಯ ಹೂವಿನ ಬುಟ್ಟಿಯ ಹೆಂಗಸಿಗೆ, ಗೋರಿಪಾಳ್ಯದ ಶಾಲಾ ಮಕ್ಕಳಿಗೆ ಆ ಅಗಲ ಮೊದಲು ಬೇಕಿತ್ತು.

2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಸುಮಾರು 17 ಕಿ.ಮೀ. ಉದ್ದದ ಸೈಕಲ್ ಪಥವನ್ನು ಕಂಬ ನೆಟ್ಟು ಗುರುತಿಸಲಾಯಿತು. ಐಟಿ ಕಂಪೆನಿಗಳ ಸಾಲಿನ ಆ ರಸ್ತೆಯಲ್ಲಿ ಕೆಲವರು ಉತ್ಸಾಹದಿಂದ ತುಳಿದರು. ಆದರೆ ಕಂಬಗಳು ಮುರಿದವು, ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಬಂದಾಗ ಪಥ ಅಳಿಸಿಹೋಯಿತು. ಸೈಕಲ್ ಪಥ ನಮ್ಮಲ್ಲಿ ನಡೆಯುವುದಿಲ್ಲ ಎಂಬ ತೀರ್ಪಿಗೆ ಇದನ್ನೇ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ಅದು ಆತುರದ ತೀರ್ಪು. ಹೆದ್ದಾರಿಯಂಥ ರಸ್ತೆಯ ಬದಿಗೆ ಒಂದು ಉದ್ದದ ಗೆರೆ ಎಳೆದು, ಮನೆಯಿಂದ ಆ ಗೆರೆಯವರೆಗೆ ತಲುಪುವ ದಾರಿಯನ್ನೇ ಮಾಡದಿದ್ದರೆ ಯಾರು ತಾನೆ ಸೈಕಲ್ ಹೊರಗೆ ತೆಗೆದಾರು?

ಮೈಸೂರಿನ ಟ್ರಿಣ್ ಟ್ರಿಣ್ ಯೋಜನೆಯ ಕಥೆ ಇನ್ನೊಂದು ಬಗೆಯದು. 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಆರಂಭವಾದ ಅದನ್ನು ದೇಶಕ್ಕೇ ಹೊಸದು ಎಂದು ಹೊಗಳಲಾಯಿತು. ಪ್ರಯತ್ನ ಒಳ್ಳೆಯದೇ. ಆದರೆ ಬಾಡಿಗೆ ಸೈಕಲ್ ನಮ್ಮ ಊರುಗಳಿಗೆ ಹೊಸದಾಗಿತ್ತೇ? 1980ರ, 90ರ ದಶಕದವರೆಗೂ ಸಣ್ಣಪುಟ್ಟ ಪೇಟೆಗಳಲ್ಲಿ ಸೈಕಲ್ ಶಾಪ್ ಇರುತ್ತಿತ್ತು. ಎಷ್ಟೋ ಕಡೆ ಅದು ಒಬ್ಬ ಬ್ಯಾರಿಯದೋ, ಸಾಬರದೋ ಆಗಿರುತ್ತಿತ್ತು. ನಂಬರ್ ಬರೆದ ಸೈಕಲ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಹೆಸರು, ಹೊತ್ತು ಪುಸ್ತಕದಲ್ಲಿ ಬರೆಸಿ ಗಂಟೆ ಲೆಕ್ಕದಲ್ಲಿ ಒಯ್ಯುವುದು ರೂಢಿ. ಈ ಶಾಪುಗಳು ಮುಚ್ಚಿದ್ದು ತಂತ್ರಜ್ಞಾನ ಇಲ್ಲದ್ದರಿಂದಲ್ಲ. ಜನರ ಕೈಗೆ ಬೈಕು ಬಂತು ಎಂಬುದು ಒಂದು ಕಾರಣ. ರಸ್ತೆ ಅಗಲವಾಗಿ, ವಾಹನಗಳ ವೇಗ ಹೆಚ್ಚಿ, ಮಗನಿಗೆ ಸೈಕಲ್ ಕೊಟ್ಟು ಕಳಿಸಲು ಅಪ್ಪ ಅಮ್ಮ ಅಂಜತೊಡಗಿದ್ದು ಇನ್ನೊಂದು. ಮೈಸೂರಿನಲ್ಲೂ ಸೈಕಲ್ ಬಂತು, ಸ್ಮಾರ್ಟ್ ಕಾರ್ಡ್ ಬಂತು. ಅದರ ಜತೆಗೆ ನಗರದುದ್ದಕ್ಕೂ ಒಂದಕ್ಕೊಂದು ಕೂಡುವ ಸುರಕ್ಷಿತ ಪಥಗಳ ಜಾಲ ಬರಲಿಲ್ಲ.

ಜಾಲ ಎಂಬ ಈ ಮಾತು ಮುಖ್ಯ. ಸೈಕಲ್ ಎಂದ ಕೂಡಲೇ ಎಲ್ಲರೂ ನೆದರ್‌ಲ್ಯಾಂಡ್ಸನ್ನು ಹೊಗಳುತ್ತಾರೆ, ಅವರ ಸಂಸ್ಕೃತಿಯೇ ಹಾಗೆ ಎನ್ನುತ್ತಾರೆ. ಅದು ಅರ್ಧ ಸತ್ಯ. ಎರಡನೆಯ ಮಹಾಯುದ್ಧದ ಬಳಿಕ ಅಲ್ಲಿಯೂ ಕಾರುಗಳು ತುಂಬಿ ಸೈಕಲ್ ಬಳಕೆ ಕುಸಿದಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಮಕ್ಕಳ ಕೊಲೆ ನಿಲ್ಲಿಸಿ ಎಂಬ ಅರ್ಥದ ಹೆಸರಿಟ್ಟುಕೊಂಡು ತಂದೆ ತಾಯಿಯರು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಆ ಕೂಗಿಗೆ ಬಲ ಕೊಟ್ಟಿತು. ಆಗ ಸರಕಾರ 1970ರ ದಶಕದ ನಡುವಿನಲ್ಲಿ ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ತಲಾ ಒಂದು ಚಂದದ ಮಾದರಿ ಸೈಕಲ್ ಮಾರ್ಗ ಕಟ್ಟಿತು. ಪಕ್ಕದ ಬೀದಿಗಳಲ್ಲಿ ಹೋಗುತ್ತಿದ್ದವರು ಈ ಮಾರ್ಗಕ್ಕೆ ಬಂದರು, ಆದರೆ ಹೊಸದಾಗಿ ಸೈಕಲ್ ಹತ್ತಿದವರು ಹೆಚ್ಚಲಿಲ್ಲ. ಆ ಬಳಿಕ 1980ರ ದಶಕದಲ್ಲಿ ಡೆಲ್ಫ್ಟ್ ಎಂಬ ಊರಿನಲ್ಲಿ ಬೇರೆಯೇ ರೀತಿಯಲ್ಲಿ ಯೋಚಿಸಿದರು. ಇಡೀ ಊರನ್ನು ಜಾಲವಾಗಿ ನೋಡಿದರು. ಊರ ಮಟ್ಟದಲ್ಲಿ ಅರ್ಧ ಕಿ.ಮೀ.ಗೊಂದು ಮುಖ್ಯ ದಾರಿ, ಬಡಾವಣೆಯ ಮಟ್ಟದಲ್ಲಿ ಇನ್ನೂರು ಮುನ್ನೂರು ಮೀಟರಿಗೊಂದು, ಓಣಿಯ ಮಟ್ಟದಲ್ಲಿ ಇನ್ನೂ ಹತ್ತಿರ ಹತ್ತಿರ. ದೊಡ್ಡ ನಿರ್ಮಾಣಕ್ಕಿಂತ ಹೆಚ್ಚಾಗಿ ತುಂಡಾದ ಕಡೆಗಳಲ್ಲಿ ಜೋಡಿಸಿದರು. ಅಲ್ಲಿ ಸೈಕಲ್ ಬಳಕೆ ಏರಿತು. ಅಂದರೆ ಅವರಿಗೂ ಮಾದರಿ ರಸ್ತೆಯಿಂದ ಕೆಲಸ ಆಗಲಿಲ್ಲ. ಐವತ್ತು ವರ್ಷದ ಹಿಂದೆ ಅವರು ಕಲಿತು ಬಿಟ್ಟ ಪಾಠವನ್ನು ನಾವು ಇಂದಿಗೂ ಒಂದೊಂದು ಮಾದರಿ ರಸ್ತೆ ಉದ್ಘಾಟಿಸುತ್ತಾ ಮರೆಯುತ್ತಿದ್ದೇವೆ.

ನಮ್ಮಲ್ಲಿ ಜಾಲ ಇರಲೇ ಇಲ್ಲ ಎನ್ನುವಂತಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಗದ್ದೆಯ ಬದು, ತೋಟದ ಅಂಚು, ಸಂಕ, ಕಾಲುದಾರಿಗಳು ಮನೆ ಮನೆಯನ್ನು ಜೋಡಿಸಿದ್ದವು. ಬಯಲುಸೀಮೆಯ ಊರುಗಳಲ್ಲಿ ಓಣಿಗಳಿದ್ದವು. ಆ ದಾರಿಗಳೆಲ್ಲ ಎಲ್ಲರಿಗೂ ತೆರೆದಿದ್ದವು ಎಂದು ಭ್ರಮಿಸಬೇಕಾಗಿಲ್ಲ. ಜಾತಿ ಅಲ್ಲಿಯೂ ಗೇಟು ಹಾಕಿತ್ತು. ಆದರೆ ಇಂದು ಉಳಿದ ದಾರಿಗಳೂ ಕಂಪೌಂಡ್ ಗೋಡೆಯೊಳಗೆ, ಬಡಾವಣೆಯ ಬೇಲಿಯೊಳಗೆ ಸೇರುತ್ತಿವೆ. ಹತ್ತು ನಿಮಿಷದ ಶಾಲೆಗೆ ಈಗ ಮುಖ್ಯ ರಸ್ತೆ ಸುತ್ತಿ ಅರ್ಧ ಗಂಟೆ. ಆ ಮುಖ್ಯ ರಸ್ತೆಯೋ ಚತುಷ್ಪಥ ಹೆದ್ದಾರಿಯಾಗಿರುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯ ಎಷ್ಟೋ ಊರುಗಳನ್ನು ಎರಡು ಹೋಳು ಮಾಡಿ ಸಾಗಿದೆ. ಮನೆ ಈಚೆ, ಶಾಲೆ ಆಚೆ. ಮಸೀದಿ ಈಚೆ, ಕಬರಸ್ತಾನ ಆಚೆ. ನಡುವೆ ಎದೆಮಟ್ಟದ ವಿಭಜಕ, ಎಂಬತ್ತರ ವೇಗದಲ್ಲಿ ಓಡುವ ಲಾರಿಗಳು. ದಾಟಲು ಬೇಕಾದರೆ ಮುಂದಿನ ತಿರುವಿನವರೆಗೆ ಹೋಗಬೇಕು. ಕೆಲವು ಕಡೆ ಮೇಲ್ಸೇತುವೆ ಕಟ್ಟುತ್ತಾರೆ. ನಗರಗಳಲ್ಲಿ ಅದರ ಮೇಲೆ ಜಾಹೀರಾತು ರಾರಾಜಿಸುತ್ತದೆ. ಚಕ್ರದ ಮೇಲೆ ಹೋಗುವವನು ಸಮತಟ್ಟಿನಲ್ಲಿ ಸಾಗುತ್ತಾನೆ, ಕಾಲಿನ ಮೇಲೆ ಹೋಗುವ ಗರ್ಭಿಣಿ ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಮೆಟ್ಟಿಲು ಇಳಿಯಬೇಕು. ಇದನ್ನು ಪಾದಚಾರಿ ಸೌಲಭ್ಯ ಎನ್ನಲಾಗುತ್ತದೆ.

ಫುಟ್‌ಪಾತಿನ ಮಾತು ಬಂದಾಗಲೆಲ್ಲ ಇನ್ನೊಂದು ಅನ್ಯಾಯ ನಡೆಯುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ಸ್ವಾಗತಾರ್ಹ ಮಾತು. ಆದರೆ ತೆರವು ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಪಾಲಿಕೆಗಳ ಜೆಸಿಬಿ ಮೊದಲು ಹೋಗುವುದು ತಳ್ಳುಗಾಡಿಯವನ ಬಳಿಗೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಸಮೀಕ್ಷೆ ನಡೆಸಿ, ಪಟ್ಟಣ ವ್ಯಾಪಾರ ಸಮಿತಿ ರಚಿಸಿ, ವ್ಯಾಪಾರದ ವಲಯ ಗುರುತಿಸಬೇಕು ಎನ್ನುತ್ತದೆ. ಆ ಕೆಲಸ ಮಾಡದೆ ಗಾಡಿ ಮಗುಚಿದರೆ ಅದು ನಡೆಯುವವರಿಗಾಗಿ ಮಾಡಿದ ಕೆಲಸವಾಗುವುದಿಲ್ಲ. ಬೀದಿ ವ್ಯಾಪಾರಿಯ ಗಿರಾಕಿಗಳು ನಡೆಯುವವರೇ. ಸಂಜೆ ಅವನ ದೀಪ ಇದ್ದರೆ ಹೆಣ್ಣುಮಕ್ಕಳಿಗೆ ಆ ದಾರಿಯಲ್ಲಿ ಧೈರ್ಯ. ಅಗಲವಾಗಿ ಯೋಜಿಸಿದರೆ ಇಬ್ಬರಿಗೂ ಜಾಗವಿದೆ. ಇಡೀ ಫುಟ್‌ಪಾತನ್ನು ದಿನವಿಡೀ ಆಕ್ರಮಿಸುವ ಕಾರುಗಳ ಮೇಲೆ ಮಾತ್ರ ಯಾರೂ ಜೆಸಿಬಿ ಹತ್ತಿಸುವುದಿಲ್ಲ.

ನಮ್ಮ ರಸ್ತೆಗಳೇ ಕಿರಿದು, ಪಥಕ್ಕೆ ಜಾಗ ಎಲ್ಲಿದೆ ಎಂದು ಕೇಳುವವರಿದ್ದಾರೆ. ಕಿರಿದಾದ ರಸ್ತೆಯಲ್ಲಿ ಪ್ರತ್ಯೇಕ ಪಥವೇ ಬೇಕಾಗಿಲ್ಲ. ವೇಗ ಇಳಿದರೆ ಸಾಕು. ಜನ, ಸೈಕಲ್, ವಾಹನ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮಿತಿ ಇರಬೇಕು ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ. ಆ ವೇಗದ ವಾಹನ ಬಡಿದರೆ ಹೆಚ್ಚಿನವರು ಬದುಕಿ ಉಳಿಯುತ್ತಾರೆ. ವೇಗ ಏರಿದಂತೆ ಆ ಸಾಧ್ಯತೆ ಬೇಗ ಬೇಗನೆ ಕುಸಿಯುತ್ತದೆ. ನಮ್ಮ ಬಿಸಿಲಿಗೆ, ಮಳೆಗೆ ಇದು ಆಗದು ಎನ್ನುವವರಿಗೂ ಉತ್ತರ ಸರಳ. ರಸ್ತೆ ಅಗಲಿಸಲು ಕಡಿದ ಸಾಲುಮರಗಳು ಆ ಬಿಸಿಲಿಗೇ ನೆಟ್ಟವಾಗಿದ್ದವು. ಇನ್ನು ಹಣದ ಮಾತು. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆದಾಗ ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿ ದಾಟಿತ್ತು. ಇದನ್ನು ನೋಡಿದ ಮೇಲೂ ಚಪ್ಪಡಿ ಸರಿಪಡಿಸಲು ದುಡ್ಡಿಲ್ಲ ಎಂದರೆ ನಂಬುವುದು ಕಷ್ಟ.

ಸೈಕಲ್ ಯೋಜನೆಯಲ್ಲಿ ಆದ ತಪ್ಪು ಅದಕ್ಕೆ ಮಾತ್ರ ಸೀಮಿತವಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಲಕ್ಷಾಂತರ ಹೆಂಗಸರು ಮನೆಯಿಂದ ಹೊರಟರು. ಅದೊಂದು ದೊಡ್ಡ ಬದಲಾವಣೆ. ಆದರೆ ಪ್ರತಿಯೊಂದು ಬಸ್ ಪ್ರಯಾಣದ ಎರಡು ತುದಿಯಲ್ಲೂ ಒಂದೊಂದು ನಡಿಗೆ ಇರುತ್ತದೆ. ಟಿಕೆಟಿನ ಹಣವನ್ನು ಸರಕಾರ ಕಟ್ಟಿತು. ಬೀದಿದೀಪವಿಲ್ಲದ, ಫುಟ್‌ಪಾತಿಲ್ಲದ ಆ ಅರ್ಧ ಕಿ.ಮೀ. ಮಾತ್ರ ಹಾಗೆಯೇ ಉಳಿಯಿತು. ಕೈಗೆ ಕೊಡಬಹುದಾದ ವಸ್ತುವನ್ನು ಕೊಡಲು ನಮ್ಮ ಪ್ರಭುತ್ವಕ್ಕೆ ಗೊತ್ತಿದೆ. ಅದರ ಫೋಟೋ ತೆಗೆಯಬಹುದು, ಸಮಾರಂಭ ಮಾಡಬಹುದು. ದಾರಿಯನ್ನು ಹಾಗೆ ಕೈಗೆ ಕೊಡಲಾಗುವುದಿಲ್ಲ. ಅದು ಎಲ್ಲರದೂ ಆಗಿರುವುದರಿಂದ ಯಾರ ಹೊಣೆಯೂ ಆಗುವುದಿಲ್ಲ. ಲೋಕೋಪಯೋಗಿ ಇಲಾಖೆಯದು ಡಾಂಬರು, ಪಾಲಿಕೆಯದು ಚರಂಡಿ, ವಿದ್ಯುತ್ ಕಂಪೆನಿಯದು ಕಂಬ, ಹೆದ್ದಾರಿ ಪ್ರಾಧಿಕಾರದ್ದು ವಿಭಜಕ. ಮಗುವಿನ ಹೊಣೆ ಇವರಲ್ಲಿ ಯಾರದ್ದು?

ಆದ್ದರಿಂದ ಯೋಜನೆ ಎಲ್ಲಿಂದ ಆರಂಭವಾಗಬೇಕು ಎಂಬುದನ್ನೇ ಬದಲಿಸಬೇಕಾಗಿದೆ. ಸರಕಾರಿ ಶಾಲೆಯನ್ನು ನಡುವೆ ಇಟ್ಟು ಸುತ್ತ 2 ಕಿ.ಮೀ. ವೃತ್ತ ಎಳೆಯಿರಿ. ಮಕ್ಕಳು ಯಾವ ದಾರಿಯಲ್ಲಿ ಬರುತ್ತಾರೆ, ಎಲ್ಲಿ ಹೆದರುತ್ತಾರೆ, ಎಲ್ಲಿ ದಾಟುತ್ತಾರೆ ಎಂದು ಅವರನ್ನೇ ಕೇಳಿ ಗುರುತಿಸಿ. ದಾಟುವ ಕಡೆ ನೆಲಮಟ್ಟದಲ್ಲೇ ಉಬ್ಬಿದ ದಾಟುದಾರಿ, ಮುಚ್ಚಿದ ಕಾಲುದಾರಿಯ ತೆರವು, ಚಪ್ಪಡಿಗಳ ಜೋಡಣೆ, ದೀಪ, ನೆರಳು. ಇದು ಗ್ರಾಮ ಪಂಚಾಯತ್, ಪುರಸಭೆಗಳ ಅಳವಿಗೆ ಮೀರಿದ ಕೆಲಸವಲ್ಲ. ಗ್ರಾಮಸಭೆಯಲ್ಲಿ ಕೇಳಬಹುದು. ಶಾಲಾಭಿವೃದ್ಧಿ ಸಮಿತಿ ಕೇಳಬಹುದು. ಜಮಾಅತ್ ಸಮಿತಿಗಳು, ದೇವಸ್ಥಾನದ ಆಡಳಿತ ಮಂಡಳಿಗಳು, ಯುವಕ ಸಂಘಗಳು ತಮ್ಮ ಬಾಗಿಲಿನ ಮುಂದಿನ ದಾರಿಯಿಂದಲೇ ಆರಂಭಿಸಬಹುದು. ತಮ್ಮ ಕಾರ್ಯಕ್ರಮದ ವಾಹನಗಳನ್ನು ಫುಟ್‌ಪಾತಿನ ಮೇಲೆ ನಿಲ್ಲಿಸದಿರುವುದೂ ಒಂದು ಆರಂಭವೇ.

ದಾರಿ ಭಯ ಹುಟ್ಟಿಸಿದಾಗ ಮನೆಯಲ್ಲಿ ಮೊದಲು ನಿಲ್ಲುವುದು ಹುಡುಗಿಯ ಓಡಾಟ. ಹುಡುಗನಿಗೆ ಬೈಕು ಬರುತ್ತದೆ, ಉಳ್ಳವರ ಮಕ್ಕಳಿಗೆ ಶಾಲಾ ವಾಹನ ಬರುತ್ತದೆ. ಉಳಿದವಳಿಗೆ ಎಂಟನೆಯ ತರಗತಿ ಸಾಕು ಎಂಬ ಮಾತು ಬರುತ್ತದೆ. ಉಚಿತ ಸೈಕಲ್ ಮತ್ತೆ ಕೊಡಬೇಕು ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಕೊಡಲಿ. ಆದರೆ ಈ ಸಲ ಸೈಕಲಿನ ಟೆಂಡರಿಗೆ ಮುಂಚೆ, ಆಕೆಯ ಮನೆಯಿಂದ ಶಾಲೆಯವರೆಗಿನ ಆ 3 ಕಿ.ಮೀ.ಯನ್ನು ಯೋಜನೆ ಬರೆಯುವ ಅಧಿಕಾರಿ ಒಮ್ಮೆ ಸೈಕಲ್ ತುಳಿದೇ ಹೋಗಿ ಬರಲಿ.